ಗೋಡೆಯ ಮೇಲಿನ ಸೈನಿಕನಿಗೆ ಹೆದರುವ ಮುಂಚೆ

ಗ್ಯಾಸ್ ಮಾಸ್ಕ್ ಹಾಕಿದ ಒಬ್ಬ ದೈತ್ಯ ಸೈನಿಕ. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಬಾಗಿದ ಕತ್ತಿ. ಕತ್ತಿಯ ತುದಿ ಬಿಳಿ ಪಾರಿವಾಳಕ್ಕೆ ಚುಚ್ಚಿದೆ. ಪಕ್ಕದಲ್ಲಿ ಕೂಸುಗಳನ್ನು ಅವಚಿಕೊಂಡು ಅಳುವ ತಾಯಂದಿರ ಸಾಲು. ಅಮೆರಿಕದ ಡೆನ್ವರ್ ವಿಮಾನ ನಿಲ್ದಾಣದ ಈ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು. ಜೊತೆಗೆ, ಜನರನ್ನು ಮುಗಿಸುವ ಪ್ಲಾನನ್ನು ಮೊದಲೇ ಗೋಡೆ ಮೇಲೆ ಬರೆದಿಟ್ಟಿದ್ದಾರೆ ಅನ್ನೋ ಒಕ್ಕಣೆ. ನಾನು ಗೋಡೆಗಳಿಗೆ ಚಿತ್ರ ಬರೆದು ಬದುಕುವವಳು. ಹಾಗಾಗಿ ಇಂಥದ್ದು ಸಿಕ್ಕಿದರೆ ಎಲ್ಲರೂ ನನಗೇ ಕಳಿಸುತ್ತಾರೆ. ಬಂದಾಗ ನಾನು ಹೇಗೆ ನೋಡುತ್ತೇನೆ ಅಂತ ಹೇಳುತ್ತೇನೆ.

ಮೊದಲು, ಫೋಟೊವನ್ನು ಎಲ್ಲಿಗೆ ಕತ್ತರಿಸಿದ್ದಾರೆ ನೋಡಿ. ದೊಡ್ಡ ಗೋಡೆಚಿತ್ರ ಒಂದು ಫೋಟೊದಲ್ಲಿ ಹಿಡಿಸುವುದಿಲ್ಲ. ಕಳಿಸುವವರು ಭಯ ಹುಟ್ಟಿಸುವ ತುಂಡನ್ನೇ ಆರಿಸುತ್ತಾರೆ. ಲಿಯೋ ತಾಂಗುಮಾ ಬರೆದ ಈ ಚಿತ್ರಕ್ಕೆ ಎರಡು ಭಾಗಗಳಿವೆ. ಎರಡನೆಯದರಲ್ಲಿ ಅದೇ ಸೈನಿಕ ಸತ್ತು ಬಿದ್ದಿದ್ದಾನೆ, ಅವನ ಮೇಲೆ ಪಾರಿವಾಳಗಳು ಕೂತಿವೆ. ನಾನಾ ದೇಶದ ಮಕ್ಕಳು ತಮ್ಮ ತಮ್ಮ ಬಾವುಟದಲ್ಲಿ ಕತ್ತಿ ಸುತ್ತಿಕೊಂಡು ಬರುತ್ತಿದ್ದಾರೆ. ಮಧ್ಯದಲ್ಲಿರುವ ಹುಡುಗನ ಕೈಯಲ್ಲಿ ಸುತ್ತಿಗೆ. ಕತ್ತಿಗಳನ್ನು ಬಡಿದು ನೇಗಿಲ ಗುಳ ಮಾಡುವ ಬೈಬಲಿನ ಮಾತು ಇದು, ಯೆಶಾಯನ ಪುಸ್ತಕದ್ದು. ಈ ಭಾಗವನ್ನು ಮೊದಲಿಟ್ಟು ಸೈನಿಕನನ್ನು ಕೊನೆಗೆ ಇಟ್ಟರೆ ಮಕ್ಕಳು ಆಯುಧ ಒಪ್ಪಿಸಿ ಸೋತಂತೆ ಕಾಣುತ್ತದೆ. ಕ್ರಮ ಬದಲಾದರೆ ಕಥೆಯೇ ತಲೆಕೆಳಗು.

ಸೈನಿಕನ ಭಾಗದ ಮೂಲೆಯಲ್ಲಿ ಕೈಬರಹದ ಒಂದು ಕಾಗದವೂ ಇದೆ. 1943ರಲ್ಲಿ ನಾಜಿಗಳ ಆಶ್ವಿಟ್ಸ್ ಸಾವಿನ ಶಿಬಿರದಲ್ಲಿ ತೀರಿಕೊಂಡ 14 ವರ್ಷದ ಮಗುವಿನ ಸಾಲುಗಳು ಅದರಲ್ಲಿವೆ. ಝೂಮ್ ಮಾಡಿ ಅದನ್ನು ಓದಿದ ಮೇಲೆ ಸೈನಿಕ ಯಾರ ಕಡೆಯವನು ಅಂತ ಯಾರೂ ಕೇಳಬೇಕಿಲ್ಲ.

ಆಮೇಲೆ, ಚಿತ್ರಕ್ಕೆ ದುಡ್ಡು ಕೊಟ್ಟವರು ಯಾರು, ಒಪ್ಪಿದವರು ಯಾರು ಅಂತ ಹುಡುಕಿ. ನನ್ನ ಕಸುಬಿನಲ್ಲಿ ಸರ್ಕಾರಿ ಗೋಡೆ ಅಂದರೆ ಮೊದಲು ಸ್ಕೆಚ್ ಕೊಡಬೇಕು. ಸಮಿತಿ ಕೂತು ನೋಡುತ್ತದೆ, "ಈ ಬಣ್ಣ ಜಾಸ್ತಿ ಆಯ್ತು" ಅನ್ನುತ್ತದೆ, ತಿದ್ದಿಸುತ್ತದೆ. ಡೆನ್ವರಿನಲ್ಲಿ 1988ರಿಂದ ದೊಡ್ಡ ಸಾರ್ವಜನಿಕ ಕಾಮಗಾರಿಗಳ ವೆಚ್ಚದಲ್ಲಿ ಶೇಕಡಾ 1ರಷ್ಟು ಕಲೆಗೆ ಎತ್ತಿಡುವ ನಿಯಮವಿದೆ. ಚಿತ್ರದ ಹೆಸರೇ "ವಿಶ್ವದ ಮಕ್ಕಳ ಶಾಂತಿಯ ಕನಸು" ಅನ್ನೋ ಅರ್ಥದ್ದು. ಗುಟ್ಟಿನ ಕೂಟವೊಂದು ತನ್ನ ಯೋಜನೆಯನ್ನು ಸಮಿತಿ ಮುಂದೆ ಇಟ್ಟು, ಬಿಲ್ ಪಾಸು ಮಾಡಿಸಿಕೊಂಡು, ಲಗೇಜ್‌ಗೆ ಕಾಯುವ ಜನರ ಕಣ್ಣೆದುರಿಗೇ ಹಾಕಿತು ಅಂತ ನಂಬಬೇಕಾ?

"ಕಣ್ಣೆದುರಿಗೇ ಇಟ್ಟು ಅಣಕಿಸುತ್ತಾರೆ" ಅಂತ ಉತ್ತರ ಬರಬಹುದು. ಆಗ ಒಂದೇ ಪ್ರಶ್ನೆ ಕೇಳಿ: ಏನು ಸಿಕ್ಕಿದರೆ ನಿನ್ನ ಮಾತು ಸುಳ್ಳು ಅಂತ ಒಪ್ಪುತ್ತೀಯ? ಚಿತ್ರ ಇದ್ದರೂ ಪುರಾವೆ, ಅಳಿಸಿದರೂ ಪುರಾವೆ ಅನ್ನುವುದಾದರೆ ಅಲ್ಲಿ ತನಿಖೆಗೆ ಜಾಗವೇ ಇಲ್ಲ.

ಹಾಗಂತ ಎಲ್ಲ ಕಟ್ಟುಕಥೆ ಅಂತ ತಳ್ಳಿಹಾಕಬೇಡಿ. ನಿಜವಾದ ಕಾಳುಗಳು ಇವೆ. ನಿಲ್ದಾಣ 16 ತಿಂಗಳು ತಡವಾಗಿ, 1995ರ ಫೆಬ್ರವರಿಯಲ್ಲಿ ತೆರೆಯಿತು, ಖರ್ಚೂ ಮಿತಿಮೀರಿತು. ಕಾರಣ ಪಿತೂರಿ ಕಥೆಗಳು ಹೇಳುವ ನೆಲದಡಿಯ ಗುಟ್ಟಿನ ಬಂಕರ್ ಅಲ್ಲ, ಬ್ಯಾಗುಗಳನ್ನು ತಾನೇ ಸಾಗಿಸಬೇಕಿದ್ದ ಯಂತ್ರವ್ಯವಸ್ಥೆ. ಅದು ಬ್ಯಾಗುಗಳನ್ನು ಹರಿದುಹಾಕಿತು. ನಿಲ್ದಾಣದಲ್ಲಿರುವ 1994ರ ಕಲ್ಲೊಂದರ ಮೇಲೆ ಫ್ರೀಮೇಸನ್ ಅನ್ನೋ ಹಳೆಯ ಸಹೋದರ ಸಂಘದ ಗುರುತೂ "ನ್ಯೂ ವರ್ಲ್ಡ್ ಏರ್‌ಪೋರ್ಟ್ ಕಮಿಷನ್" ಅನ್ನೋ ಹೆಸರೂ ಇರುವುದು ನಿಜ. ಆ ಕಮಿಷನ್ ಉದ್ಘಾಟನೆಯ ಕಾರ್ಯಕ್ರಮ ನಡೆಸಲು ಸ್ಥಳೀಯರು ಕಟ್ಟಿಕೊಂಡಿದ್ದ ಗುಂಪು. ನೆಲದ ಮೇಲಿನ "ಎಯು ಎಜಿ" ಅಕ್ಷರಗಳಿಗೆ ವೈರಾಣುವಿನ ಕಥೆ ಕಟ್ಟುತ್ತಾರೆ. ಅವು ಚಿನ್ನ, ಬೆಳ್ಳಿಯ ರಾಸಾಯನಿಕ ಸಂಕೇತಗಳು. ಡೆನ್ವರ್ ಇರುವ ಕೊಲೊರಾಡೊ ರಾಜ್ಯ ಗಣಿಗಳ ನಾಡು. ಇವನ್ನೆಲ್ಲ ಒಟ್ಟಿಗೆ ಸುರಿದಾಗ "ಇಷ್ಟೊಂದು ಕಾಕತಾಳೀಯವಾ?" ಅನ್ನಿಸುತ್ತದೆ. ಅದಕ್ಕೇ ಒಂದೊಂದನ್ನೇ ಎತ್ತಿಕೊಂಡು ನೋಡಿ.

ಇನ್ನೊಂದು ವಿಷಯ. ನಿಲ್ದಾಣದವರೇ ಈಗ ಇದನ್ನು ತಮಾಷೆ ಮಾಡಿಕೊಂಡಿದ್ದಾರೆ. 2018ರಲ್ಲಿ ಕಾಮಗಾರಿಯ ತಾತ್ಕಾಲಿಕ ಗೋಡೆಗಳ ಮೇಲೆ, ಪಿತೂರಿ ಕಥೆಗಳಲ್ಲಿ ಗುಟ್ಟಾಗಿ ಜಗತ್ತು ಆಳುವ ಹಲ್ಲಿ ಮನುಷ್ಯರ ಪೋಸ್ಟರ್ ಅಂಟಿಸಿದ್ದರು. ಅದರ ಫೋಟೊ ತೆಗೆದು "ನೋಡಿ, ಒಪ್ಪಿಕೊಂಡರು" ಅಂತ ಹಂಚುವವರೂ ಉಂಟು.

ಕಳಿಸಿದವರ ಜೊತೆ ಮಾತಾಡುವಾಗ ಗೇಲಿ ಬೇಡ. ಆ ಸೈನಿಕ ಭಯಂಕರವಾಗಿಯೇ ಇದ್ದಾನೆ, ಹೆದರಿದ್ದರಲ್ಲಿ ತಪ್ಪೇನಿಲ್ಲ. ಸುಮ್ನೆ ಇನ್ನೊಂದು ಭಾಗದ ಫೋಟೊ ಕಳಿಸಿ, "ಇದನ್ನೂ ನೋಡಿ" ಅನ್ನಿ. ನಮ್ಮ ಚಿಕ್ಕಪ್ಪನಿಗೆ ಹಾಗೇ ಕಳಿಸಿದೆ. "ಸರಿ ಕಣಮ್ಮ, ಆದ್ರೆ ವಿಮಾನ ಹತ್ತೋ ಜಾಗದಲ್ಲಿ ಇಂಥ ಚಿತ್ರ ಯಾಕೆ?" ಅಂದರು. ಅದು ಒಳ್ಳೆಯ ಪ್ರಶ್ನೆ ಅಲ್ವಾ? ಇರಬೇಕು ಅಂತ ನಾನು, ಬೇಡ ಅಂತ ಅವರು. ಈ ಜಗಳಕ್ಕೆ ಪಿತೂರಿ ಬೇಕಿಲ್ಲ.