ಸರ್ಕಾರಿ ಟೆಂಡರ್‌ನಲ್ಲಿ ಸೋರ್ಸ್ ಕೋಡ್ ಉಳಿಸಿಕೊಳ್ಳುವುದು: ವಕೀಲರಿಗೆ ಕೆಲಸದ ಕ್ರಮ

ಇಲಾಖೆಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಗಳು ವಕೀಲರ ಬಳಿ ಬರುವುದು ಹೆಚ್ಚಾಗಿ ಟೆಂಡರ್ ಗೆದ್ದ ಮೇಲೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಸೋರ್ಸ್ ಕೋಡ್ (ಸಾಫ್ಟ್‌ವೇರಿನ ಮೂಲ ಬರಹ) ಇಲಾಖೆಗೆ ಸೇರುತ್ತದೆ ಎಂಬ ಷರತ್ತು ಒಪ್ಪಿಯೇ ಬಿಡ್ ಹಾಕಿರುವಾಗ ಅದನ್ನು ಆಮೇಲೆ ಸಡಿಲಿಸಿದರೆ ಸೋತವರು ಪ್ರಶ್ನಿಸುತ್ತಾರೆ, ಹಾಗಾಗಿ ಅಧಿಕಾರಿಯೂ ಒಪ್ಪುವುದಿಲ್ಲ. ಏನೇ ಕೇಳುವುದಿದ್ದರೂ ಪ್ರೀ-ಬಿಡ್ ಹಂತದಲ್ಲೇ, ಅಂದರೆ ಬಿಡ್ ಹಾಕುವ ಮುಂಚೆ ಪ್ರಶ್ನೆ ಕೇಳಲು ಇಲಾಖೆ ಅವಕಾಶ ಕೊಡುವಾಗ, ಬರಹದಲ್ಲಿ, ಷರತ್ತಿನ ಸಂಖ್ಯೆ ಮತ್ತು ನೀವು ಬಯಸುವ ಬದಲಿ ವಾಕ್ಯದ ಸಮೇತ ಕೇಳಿ. ಸಭೆಯಲ್ಲಿ ಬಾಯಿಮಾತಿಗೆ ‘ಆಯ್ತು’ ಅಂದದ್ದನ್ನು ನಂಬಬೇಡಿ. ತಿದ್ದುಪಡಿ ಟೆಂಡರ್ ಪೋರ್ಟಲ್‌ನಲ್ಲಿ ಪ್ರಕಟವಾಗಿದೆಯೇ ನೋಡಿ.

ಇಷ್ಟು ಆತುರ ಏಕೆಂದರೆ, ಕಾನೂನು ಮೊದಲೇ ಸರ್ಕಾರದ ಕಡೆ ವಾಲಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 17(ಡಿ) ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ‘ಸರ್ಕಾರಿ ಕೃತಿ’ಯ ಮೊದಲ ಮಾಲೀಕ ಸರ್ಕಾರವೇ. ಇಲಾಖೆಯ ನಿರ್ದೇಶನ ಅಥವಾ ನಿಯಂತ್ರಣದಲ್ಲಿ ತಯಾರಾದದ್ದೂ ಸರ್ಕಾರಿ ಕೃತಿ. ಕರಾರು ಸುಮ್ಮನಿದ್ದರೆ ಕಂಪನಿಗೇ ನಷ್ಟ.

ಆದ್ದರಿಂದ ಕೋಡನ್ನು ಮೂರಾಗಿ ವಿಂಗಡಿಸಿ ಅನುಬಂಧ ಮಾಡಿ: ಕಂಪನಿ ಮೊದಲೇ ಬರೆದಿಟ್ಟದ್ದು, ಈ ಕೆಲಸಕ್ಕೆಂದೇ ಬರೆಯುವುದು, ಓಪನ್ ಸೋರ್ಸ್ (ಬೇರೆಯವರು ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟ ಕೋಡ್). ಹಳೆಯ ಕೋಡಿಗೆ ಮಾಡ್ಯೂಲಿನ ಹೆಸರು, ಆವೃತ್ತಿ, ರೆಪಾಸಿಟರಿಯಲ್ಲಿನ (ಕೋಡ್ ಇಡುವ ಸಂಗ್ರಹದಲ್ಲಿನ) ದಿನಾಂಕ ಬೇಕು; ‘ನಮ್ಮ ಪೂರ್ವಾರ್ಜಿತ ತಂತ್ರಜ್ಞಾನ’ ಎಂಬ ಒಂದು ಸಾಲು ವಿವಾದ ಬಂದಾಗ ಏನನ್ನೂ ಸಾಬೀತು ಮಾಡುವುದಿಲ್ಲ. ಆ ಹಳೆಯ ಕೋಡಿನ ಮೇಲೆ ಇಲಾಖೆಗೆ ಲೈಸೆನ್ಸ್ (ಬಳಸುವ ಅನುಮತಿ) ಮಾತ್ರ ಕೊಡಿ. ಆದರೆ ಕಂಪನಿ ಮುಚ್ಚಿಹೋದರೂ ಜನರ ಸೇವೆ ನಿಲ್ಲಬಾರದು, ಇಲಾಖೆಯ ಈ ಕಾಳಜಿ ನ್ಯಾಯವಾದದ್ದೇ. ಬೇರೆ ಗುತ್ತಿಗೆದಾರರಿಂದ ತಿದ್ದಿಸುವ ಹಕ್ಕನ್ನೂ ಆ ಲೈಸೆನ್ಸಿನಲ್ಲಿ ಸೇರಿಸಿ. ಅವಧಿ ಬರೆಯಲು ಮರೆಯಬೇಡಿ: ಸೆಕ್ಷನ್ 19 ಮತ್ತು 30ಎ ಸೇರಿಸಿ ಓದಿದರೆ, ಅವಧಿ ಹೇಳದ ಹಕ್ಕಿನ ಹಸ್ತಾಂತರವಾಗಲಿ ಲೈಸೆನ್ಸಾಗಲಿ 5 ವರ್ಷಕ್ಕೆ ಸೀಮಿತ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಸೀಮಿತ.

ಹೆಚ್ಚು ಜನ ಎಡವುವುದು ಫ್ರೀಲಾನ್ಸರ್‌ಗಳ ವಿಷಯದಲ್ಲಿ. ನೌಕರ ಕೆಲಸದ ಭಾಗವಾಗಿ ಬರೆದ ಕೋಡ್ ಕಂಪನಿಯದ್ದು. ಹೊರಗಿನವರು ಬರೆದದ್ದು, ದುಡ್ಡು ಕೊಟ್ಟಿದ್ದರೂ, ಸಹಿ ಮಾಡಿದ ಹಸ್ತಾಂತರ ಪತ್ರವಿಲ್ಲದೆ ಕಂಪನಿಯದ್ದಾಗುವುದಿಲ್ಲ. ತನ್ನದಲ್ಲದ್ದನ್ನು ಇಲಾಖೆಗೆ ಬರೆದುಕೊಟ್ಟರೆ ನಷ್ಟ ಪರಿಹಾರದ ಷರತ್ತು ಕಂಪನಿಯ ಕೊರಳಿಗೇ ಸುತ್ತಿಕೊಳ್ಳುತ್ತದೆ. ಬಿಡ್ ಹಾಕುವ ಮುಂಚೆಯೇ ಒಬ್ಬೊಬ್ಬರ ಸಹಿ ಪಡೆಯಿರಿ.

ತಾಂತ್ರಿಕ ಬಿಡ್‌ನಲ್ಲಿ ನಿಜವಾಗಿ ಗುಟ್ಟಾದ ಪುಟಗಳಿಗೆ ಮಾತ್ರ ‘ಗೋಪ್ಯ’ ಎಂದು ಗುರುತು ಹಾಕಿ. ಯಾರಾದರೂ ಮಾಹಿತಿ ಹಕ್ಕಿನಡಿ ಆ ಪುಟ ಕೇಳಿ, ಅಧಿಕಾರಿಯಿಂದ ಸೆಕ್ಷನ್ 11ರ ನೋಟಿಸ್ ಬಂದರೆ ಆಕ್ಷೇಪಣೆಗೆ ಸಿಗುವುದು 10 ದಿನ. ಎಲ್ಲ ಪುಟಕ್ಕೂ ಮುದ್ರೆ ಒತ್ತಿದ್ದರೆ ಯಾವುದು ವ್ಯಾಪಾರದ ಗುಟ್ಟು ಎಂದು ಅಷ್ಟರಲ್ಲಿ ವಿವರಿಸುವುದು ಕಷ್ಟ.