ಬಾಯ್ಲರ್‌ಗೆ ಬೈಯುವ ಮೊದಲು

ಇಂಗ್ಲೆಂಡಿಗೆ ಬಂದ ಮೊದಲ ಚಳಿಗಾಲದಲ್ಲಿ ಎರಡು ಪೆನ್ಸಿಲ್ ಸೆಲ್ ಹಾಕಿಸಿಕೊಳ್ಳಲು ನಾನು 90 ಪೌಂಡ್ ತೆತ್ತಿದ್ದೇನೆ. ಲೀಡ್ಸ್‌ನಲ್ಲಿ ಬಾಡಿಗೆ ಮನೆ, ಜನವರಿಯ ಒಂದು ಶನಿವಾರ. ಬೆಳಿಗ್ಗೆ ಎದ್ದರೆ ರೇಡಿಯೇಟರ್‌ಗಳೆಲ್ಲ ದೇವಸ್ಥಾನದ ಕಲ್ಲುಹಾಸಿನ ಹಾಗೆ ತಣ್ಣಗಿವೆ. ಗಾಬರಿಯಲ್ಲಿ ಕೈಗೆ ಸಿಕ್ಕ ನಂಬರಿಗೆ ಫೋನ್ ಮಾಡಿದೆ. ಬಂದವನು ಬಾಯ್ಲರ್ ಹತ್ತಿರಕ್ಕೂ ಹೋಗಲಿಲ್ಲ. ಹಾಲ್‌ನ ಗೋಡೆಯ ಮೇಲಿದ್ದ ಥರ್ಮೋಸ್ಟಾಟ್‌ನ ಮುಚ್ಚಳ ತೆಗೆದ, ಸೆಲ್ ಬದಲಿಸಿದ, ಅಡುಗೆಮನೆಯಲ್ಲಿ ಬಾಯ್ಲರ್ ಗುಂಯ್ ಅಂದಿತು. ವಿಷಯ ಕೇಳಿದ ಅಮ್ಮ ಊರಿಂದ, ‘ಒಂದು ಒಲೆ ಹಚ್ಚೋಕೂ ಆಳು ಕರೆಸ್ಬೇಕೇನೋ ನಿಮ್ಮಲ್ಲಿ?’ ಅಂದಳು.

ಅವಳ ಮಾತು ಅರ್ಧ ನಿಜ. ಹೀಟಿಂಗ್ ನಿಂತಾಗ ಕೆಟ್ಟಿರುವುದು ಬಾಯ್ಲರೇ ಆಗಿರಬೇಕೆಂದಿಲ್ಲ. ಅದಕ್ಕೆ ಸಿಗಬೇಕಾದ ಕರೆಂಟೋ ನೀರೋ ಹುಕುಮೋ ಸಿಕ್ಕಿರುವುದಿಲ್ಲ, ಅಷ್ಟೇ. ಇಷ್ಟನ್ನು ನಾವೇ ನೋಡಿಕೊಳ್ಳಬಹುದು. ಉಳಿದರ್ಧ ಮಾತ್ರ ಆಳು ಬಂದೇ ಆಗಬೇಕಾದ ಕೆಲಸ. ಎಲ್ಲಿಯವರೆಗೆ ನಮ್ಮದು, ಎಲ್ಲಿಂದ ಅವನದು ಎಂಬ ಗೆರೆ ಗೊತ್ತಿದ್ದರೆ ಸಾಕು.

ಶುರು ಮಾಡುವ ಮೊದಲೇ ಒಂದು ಮಾತು. ಗ್ಯಾಸ್ ವಾಸನೆ ಬರುತ್ತಿದ್ದರೆ ಮುಂದೆ ಬರೆದಿರುವ ಯಾವುದನ್ನೂ ಮಾಡಬೇಡಿ. ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು, ಮೀಟರ್ ಹತ್ತಿರದ ಗ್ಯಾಸ್ ವಾಲ್ವ್ ಕೈಗೆ ಸಿಗುವಂತಿದ್ದರೆ ಮುಚ್ಚಿ, ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ.

ಈಗ ವ್ಯವಸ್ಥೆಯ ವಿಷಯ. ನಮ್ಮ ಬಚ್ಚಲ ಹಂಡೆ ಕಾಯಿಸಿದ ನೀರು ನಮ್ಮ ಮೈಗೆ. ಇಲ್ಲಿನ ಬಾಯ್ಲರ್ ಕಾಯಿಸಿದ ನೀರು ಮನೆಯ ಮೈಗೆ. ಪಂಪು ಆ ನೀರನ್ನು ಕೋಣೆಕೋಣೆಯ ರೇಡಿಯೇಟರ್‌ಗೆ ಸುತ್ತಿಸಿ ವಾಪಸ್ ತರುತ್ತದೆ. ಅದು ಮುಚ್ಚಿದ ಸುತ್ತು, ಅದೇ ನೀರು ವರ್ಷಗಟ್ಟಲೆ ತಿರುಗುತ್ತಿರುತ್ತದೆ. ಫ್ಲ್ಯಾಟು, ಸಣ್ಣ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕಾಂಬಿ ಬಾಯ್ಲರ್ ಸ್ನಾನದ ನೀರನ್ನೂ ಕಾಯಿಸುತ್ತದೆ, ಆದರೆ ಅದರ ದಾರಿ ಬೇರೆ. ನಾನು ಬರೆಯುತ್ತಿರುವುದು ಈ ಕಾಂಬಿಯ ಬಗ್ಗೆ.

ಮೊದಲು ಕರೆಂಟು, ಗ್ಯಾಸು, ಗಡಿಯಾರ

ಬಾಯ್ಲರ್‌ನ ಡಿಸ್‌ಪ್ಲೇ ಪೂರ್ತಿ ಕತ್ತಲಾಗಿದ್ದರೆ ಪಕ್ಕದ ಗೋಡೆಯ ಸ್ವಿಚ್ ನೋಡಿ. ಬಟ್ಟೆ ಒಣಗಿಸುವಾಗ ಯಾರದೋ ಕೈ ತಾಗಿ ಆಫ್ ಆಗಿರುತ್ತದೆ. ಆ ಸ್ವಿಚ್ಚಿನೊಳಗೆ 3 ಆಂಪಿಯರ್‌ನ ಪುಟ್ಟ ಫ್ಯೂಸ್ ಇರುತ್ತದೆ; ಸ್ವಿಚ್ ಆಫ್ ಮಾಡಿ ಬದಲಿಸಬಹುದು, ಆದರೆ ಮತ್ತೆ ಹಾರಿದರೆ ಅಲ್ಲಿಗೆ ಕೈಬಿಡಿ. ಆಮೇಲೆ ಗ್ಯಾಸ್ ಸ್ಟೌವ್ ಹಚ್ಚಿ ನೋಡಿ. ಅದೂ ಹತ್ತದಿದ್ದರೆ, ಪ್ರೀಪೇಯ್ಡ್ ಮೀಟರ್ ಇರುವವರು ಬ್ಯಾಲೆನ್ಸ್ ನೋಡಿಕೊಳ್ಳಬೇಕು.

ಥರ್ಮೋಸ್ಟಾಟ್‌ನಲ್ಲಿ ನೀವು ಕೇಳಿದ ಡಿಗ್ರಿ ಕೋಣೆಯ ಡಿಗ್ರಿಗಿಂತ ಹೆಚ್ಚಿದ್ದರೆ ಮಾತ್ರ ಬಾಯ್ಲರ್‌ಗೆ ಹುಕುಮು ಹೋಗುತ್ತದೆ. ಕೋಣೆ 17 ಇದ್ದು ಥರ್ಮೋಸ್ಟಾಟ್ 16ಕ್ಕೆ ಕೂತಿದ್ದರೆ ಅದು ಸುಮ್ಮನಿರುವುದು ನ್ಯಾಯವೇ. 30ಕ್ಕೆ ತಿರುಗಿಸಿದರೆ ಮನೆ ಬೇಗ ಕಾಯುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಬಹಳ. ಬೇಗ ಏನೂ ಕಾಯುವುದಿಲ್ಲ, ನಿಲ್ಲುವುದು ತಡವಾಗುತ್ತದೆ. ಟೈಮರ್ ಇದ್ದರೆ ಅದರ ಗಂಟೆಯನ್ನೂ ನೋಡಿ. ಕರೆಂಟ್ ಹೋಗಿ ಬಂದಾಗ, ಅಕ್ಟೋಬರ್ ಮತ್ತು ಮಾರ್ಚ್‌ನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಬದಲಿಸಿದಾಗ, ಹಳೇ ಟೈಮರ್‌ಗಳು ತಮ್ಮದೇ ಹೊತ್ತಿನಲ್ಲಿ ಉಳಿದುಬಿಡುತ್ತವೆ. ಮತ್ತೆ ಆ ಸೆಲ್ಲು. ಅದನ್ನು ನಾನು ಮರೆಯುವಂತಿಲ್ಲ.

ಮುಳ್ಳು ಎಲ್ಲಿದೆ?

ಬಾಯ್ಲರ್‌ನ ಮುಖದಲ್ಲೋ ಕೆಳಗೋ ಕೈಗಡಿಯಾರದಷ್ಟು ದೊಡ್ಡ ಡಯಲ್ ಇರುತ್ತದೆ, ಹೊಸದರಲ್ಲಿ ಅಂಕಿಯೇ ಕಾಣುತ್ತದೆ. ಸುತ್ತಿನೊಳಗಿನ ನೀರಿನ ಒತ್ತಡ ಅದು. ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ತೀರಾ ಇಳಿದರೆ ಬಾಯ್ಲರ್ ಹತ್ತಲು ಒಪ್ಪುವುದಿಲ್ಲ.

ನೀರು ತುಂಬಿಸುವುದು ಕಷ್ಟವಲ್ಲ, ಗಮನ ಬೇಕು. ಬಾಯ್ಲರ್ ಆಫ್ ಮಾಡಿ ಆರಲು ಬಿಡಿ. ಕೆಳಗೆ ಬಗ್ಗಿ ನೋಡಿದರೆ ಸ್ಟೀಲ್ ದಾರದಲ್ಲಿ ಹೆಣೆದಂತಿರುವ ಪೈಪು, ಅದರ ಎರಡು ತುದಿಗೂ ವಾಲ್ವ್ ಕಾಣುತ್ತವೆ. ಇದನ್ನು ಫಿಲ್ಲಿಂಗ್ ಲೂಪ್ ಅನ್ನುತ್ತಾರೆ. ಕೆಲವು ಮಾಡೆಲ್‌ಗಳಲ್ಲಿ ಇದರ ಬದಲು ಒಂದು ಪ್ಲಾಸ್ಟಿಕ್ ಕೀ ಅಥವಾ ಹಿಡಿ ಇರುತ್ತದೆ, ಬಾಯ್ಲರ್ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಸಿಗುತ್ತದೆ. ಮೊದಲ ವಾಲ್ವ್ ತೆರೆಯಿರಿ, ಎರಡನೆಯದನ್ನು ನಿಧಾನ ತಿರುಗಿಸಿ. ಸುಯ್ ಎಂದು ನೀರು ನುಗ್ಗುವ ಸದ್ದು ಬರುತ್ತದೆ, ಮುಳ್ಳು ಏಳುತ್ತದೆ. 1.2 ದಾಟಿದ ಕೂಡಲೇ ಎರಡನ್ನೂ ಮುಚ್ಚಿ. ಎರಡನ್ನೂ. ಒಮ್ಮೆ ನಾನು ಪೂರ್ತಿ ಮುಚ್ಚಿದ್ದೇನೆ ಅಂದುಕೊಂಡು ಫೋನ್ ಎತ್ತಲು ಹೋದೆ. ಬರುವಷ್ಟರಲ್ಲಿ ಮುಳ್ಳು 3 ದಾಟಿ, ಹೊರಗೋಡೆಯ ತಾಮ್ರದ ಪೈಪಿನಿಂದ ನೀರು ಸುರಿಯುತ್ತಿತ್ತು. ಆ ಪೈಪು ಇರುವುದೇ ನನ್ನಂಥವರಿಗೆ: 3 ಬಾರ್‌ನಲ್ಲಿ ಸುರಕ್ಷತಾ ವಾಲ್ವ್ ತಾನೇ ತೆರೆದುಕೊಳ್ಳುತ್ತದೆ.

ವರ್ಷಕ್ಕೊಂದೆರಡು ಸಲ ತುಂಬಿಸಬೇಕಾಗಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ವಾರವಾರವೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಕಾದು ಹಿಗ್ಗುವ ನೀರಿಗೆ ಜಾಗ ಕೊಡುವ ಒಳಗಿನ ಡಬ್ಬಿ, ಎಕ್ಸ್‌ಪಾನ್ಷನ್ ವೆಸೆಲ್, ಸೋತಿದೆ. ತುಂಬಿಸುತ್ತಲೇ ಹೋಗುವುದು ಔಷಧವಲ್ಲ.

ಹಿಮ ಕಟ್ಟಿದ ಪೈಪು

ರಾತ್ರಿ ಮೈನಸ್‌ಗಿಳಿದು, ಬೆಳಿಗ್ಗೆ ಬಾಯ್ಲರ್ ಹೊತ್ತಲು ನೋಡಿ, ಹುಕ್ಕಾ ಸೇದಿದಂತೆ ಗುಳುಗುಳು ಸದ್ದು ಮಾಡಿ ಸುಮ್ಮನಾದರೆ ಮೊದಲ ಅನುಮಾನ ಹೊರಗಿನ ಪ್ಲಾಸ್ಟಿಕ್ ಪೈಪಿನ ಮೇಲೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರ್‌ಗಳು ಕೆಲವು ವಿನಾಯಿತಿ ಬಿಟ್ಟರೆ ಕಂಡೆನ್ಸಿಂಗ್ ಮಾದರಿಯವೇ ಆಗಿರಬೇಕು. ಇವು ಹೊಗೆಯಲ್ಲಿ ಹೋಗುವ ಬಿಸಿಯನ್ನೂ ಹಿಂಡಿಕೊಳ್ಳುತ್ತವೆ. ಹಾಗೆ ಹಿಂಡಿದಾಗ ಆವಿ ನೀರಾಗುತ್ತದೆ. ಆ ನೀರು ತೊಟ್ಟಿಕ್ಕಿ ಹೊರಗಿನ ಚರಂಡಿಗೆ ಹೋಗಬೇಕು. ಪೈಪು ಸಪೂರವಿದ್ದರೆ ಚಳಿಗೆ ಒಳಗೇ ಹಿಮವಾಗಿ ಬಿರಡೆ ಬೀಳುತ್ತದೆ, ನೀರು ಹಿಂದಕ್ಕೆ ಏರಿ ಬಾಯ್ಲರ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. 2010ರ ಡಿಸೆಂಬರ್‌ನ ಕಡುಚಳಿಯಲ್ಲಿ ಬ್ರಿಟನ್ನಿನ ಎಷ್ಟೋ ಮನೆಗಳು ತಣ್ಣಗಾದದ್ದು ಹೀಗೆಯೇ.

ಇದರ ಮದ್ದು ಕೆಟಲ್. ಕುದ್ದ ನೀರಿಗೆ ತಣ್ಣೀರು ಬೆರೆಸಿ, ಮಗುವಿಗೆ ಎಣ್ಣೆಸ್ನಾನ ಮಾಡಿಸುವ ಹದಕ್ಕಿಂತ ತುಸು ಬಿಸಿ ಇರಲಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೀಳುತ್ತದೆ. ಪೈಪಿನ ಮೇಲೆ ನಿಧಾನ ಸುರಿಯಿರಿ. ಹಿಮ ಕೂರುವುದು ಮೂಲೆ ತಿರುವಿನಲ್ಲಿ ಮತ್ತು ಚರಂಡಿಗೆ ಬಾಯಿ ಬಿಡುವ ತುದಿಯಲ್ಲಿ; ಅಲ್ಲಿ ಹೆಚ್ಚು ಹೊತ್ತು. ಬಿಸಿನೀರಲ್ಲಿ ಅದ್ದಿದ ಟವೆಲ್ ಸುತ್ತಿದರೂ ಆದೀತು. ಮೂರನೇ ಕೆಟಲ್ಲಿಗೆ ನಮ್ಮ ಪೈಪಿನ ತುದಿಯಿಂದ ಐಸ್‌ಕ್ಯಾಂಡಿಯಂಥ ಒಂದು ತುಂಡು ಜಾರಿ ಬಿತ್ತು, ಹಿಂದೆಯೇ ನೀರು. ಪಂಚೆಯ ಒಳಗೆ ಥರ್ಮಲ್ ಪ್ಯಾಂಟು, ತಲೆಗೆ ಮಂಕಿ ಟೋಪಿ, ಕೈಯಲ್ಲಿ ಕೆಟಲ್: ಪಕ್ಕದ ಮನೆಯಾಕೆ ಇದು ನಮ್ಮ ಯಾವುದೋ ಹಬ್ಬ ಅಂದುಕೊಂಡಿದ್ದರಂತೆ.

ಸುರಿದ ನೀರು ಅರ್ಧ ಗಂಟೆಯಲ್ಲಿ ನೆಲದ ಮೇಲೆ ಗಾಜಾಗುತ್ತದೆ. ಒಂದು ಹಿಡಿ ಉಪ್ಪು ಎರಚಿ. ಪೈಪು ಮೇಲಂತಸ್ತಿನಲ್ಲಿದ್ದರೆ ಏಣಿ ಹತ್ತುವ ಸಾಹಸ ಬೇಡ. ಬಿರಡೆ ಬಿಟ್ಟ ಮೇಲೆ ಬಾಯ್ಲರ್‌ನ ರೀಸೆಟ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಎರಡು ಮೂರು ಸಲಕ್ಕೂ ಹತ್ತದಿದ್ದರೆ ಮತ್ತೆ ಮತ್ತೆ ಒತ್ತಬೇಡಿ, ತೋರಿಸುತ್ತಿರುವ ಕೋಡ್ ಬರೆದಿಟ್ಟುಕೊಳ್ಳಿ.

ಬಾಯ್ಲರ್ ಓಡುತ್ತಿದೆ, ಕೋಣೆ ಮಾತ್ರ ತಣ್ಣಗೆ

ಆಗ ರೇಡಿಯೇಟರ್‌ ಮೇಲೆ ಕೈಯಾಡಿಸಿ. ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ನಿಲ್ಲಿಸಿ, ಆರಿದ ಮೇಲೆ, ಮೇಲ್ತುದಿಯ ಚೌಕ ಮೊಳೆಗೆ ಗಾಳಿ ಬಿಡಿಸುವ ಪುಟ್ಟ ಬ್ಲೀಡ್ ಕೀ ಹಾಕಿ ಎಡಕ್ಕೆ ಕಾಲು ಸುತ್ತು ತಿರುಗಿಸಿ. ಉಸ್ ಎಂದು ಗಾಳಿ ಬಿಡುತ್ತದೆ. ನೀರು ಚಿಮ್ಮುತ್ತಿದ್ದಂತೆ ಮುಚ್ಚಿ. ಹಳೇ ಬಟ್ಟೆ ಒತ್ತಿ ಹಿಡಿದಿರಿ, ಆ ನೀರು ಮಸಿಯಂತೆ ಕಪ್ಪಿರುತ್ತದೆ, ಕಾರ್ಪೆಟ್ಟಿಗೆ ಬಿದ್ದರೆ ಹೋಗುವುದಿಲ್ಲ. ಕೊನೆಗೆ ಮುಳ್ಳು ಇಳಿದಿರುತ್ತದೆ, ಮತ್ತೆ ತುಂಬಿಸಿ.

ಮೇಲೆ ಬಿಸಿ, ಕೆಳಗೆ ತಣ್ಣಗಿದ್ದರೆ ತುಕ್ಕಿನ ಕೆಸರು ಕೂತಿದೆ, ಅದು ತೊಳೆಸುವ ಕೆಲಸ. ಒಂದೇ ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ ಅದರ ಪಕ್ಕದ ವಾಲ್ವಿನ, ನಂಬರ್ ಇರುವ ತಲೆಯನ್ನು ಬಿಚ್ಚಿ ನೋಡಿ: ಒಳಗಿನ ಪಿನ್ ಬೇಸಿಗೆಯಿಡೀ ಅಲುಗದೆ ಅಂಟಿಕೊಂಡಿರಬಹುದು. ಮೆಲ್ಲಗೆ ಒತ್ತಿ ಬಿಟ್ಟರೆ ಮೇಲೆ ಬರುತ್ತದೆ. ಇಕ್ಕಳ ಹಾಕಿ ಎಳೆಯಬೇಡಿ, ಪಿನ್ ಕೈಗೇ ಬಂದರೆ ಹಿಂದೆಯೇ ನೀರೂ ಬರುತ್ತದೆ.

ಇಲ್ಲಿಗೆ ನಮ್ಮ ಗಡಿ ಮುಗಿಯಿತು. ಬಾಯ್ಲರ್‌ನ ಹೊದಿಕೆಯ ಸ್ಕ್ರೂಗೆ ಕೈ ಹಾಕಬಾರದು. ಗ್ಯಾಸ್ ಕೆಲಸವನ್ನು ಗ್ಯಾಸ್ ಸೇಫ್ ರಿಜಿಸ್ಟರ್ ಎಂಬ ಅಧಿಕೃತ ಪಟ್ಟಿಯಲ್ಲಿ ಹೆಸರಿರುವವರೇ ಮಾಡಬೇಕೆಂಬುದು ಕಾನೂನು. ಬಂದವರ ಫೋಟೊ ಕಾರ್ಡ್ ಕೇಳಿ, ಹಿಂಬದಿಯನ್ನೂ ತಿರುಗಿಸಿ ನೋಡಿ. ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಎಂಬುದು ಅಲ್ಲಿರುತ್ತದೆ. ಜ್ವಾಲೆ ನೀಲಿಯ ಬದಲು ಹಳದಿಯಾಗಿದ್ದರೆ, ಸುತ್ತ ಮಸಿ ಕಂಡರೆ, ಮನೆಯಲ್ಲಿದ್ದಾಗ ಮಾತ್ರ ಎಲ್ಲರಿಗೂ ತಲೆನೋವು, ವಾಕರಿಕೆ ಬಂದರೆ ಬಾಯ್ಲರ್ ಆರಿಸಿ ಹೊರಗೆ ನಡೆಯಿರಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದಕ್ಕೂ ಮೇಲಿನ ನಂಬರೇ.

ಬಾಡಿಗೆಗೆ ಇರುವವರು ನಾನು ಮಾಡಿದಂತೆ ಜೇಬಿಗೆ ಕೈ ಹಾಕಬೇಕಿಲ್ಲ. ಇಂಗ್ಲೆಂಡಿನಲ್ಲಿ 1985ರ ಬಾಡಿಗೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಹೀಟಿಂಗ್, ಬಿಸಿನೀರಿನ ರಿಪೇರಿ ಸಾಮಾನ್ಯವಾಗಿ ಮಾಲೀಕರ ಹೊಣೆ. 12 ತಿಂಗಳಿಗೊಮ್ಮೆ ಗ್ಯಾಸ್ ತಪಾಸಣೆ ಮಾಡಿಸುವುದೂ ಅವರದೇ. ಫೋನಿನಲ್ಲಿ ಹೇಳಿದರೂ ಡಯಲ್ ಮತ್ತು ಕೋಡ್‌ನ ಫೋಟೊ ಹಚ್ಚಿ ಒಂದು ಇಮೇಲ್ ಹಾಕಿ, ತಾರೀಕು ಉಳಿಯುತ್ತದೆ. ಅವರು ಬರುವವರೆಗೆ 2000 ವ್ಯಾಟ್‌ನ ಕರೆಂಟ್ ಹೀಟರ್ ಒಂದೇ ಕೋಣೆಗೆ ಇರಲಿ, ಗಂಟೆಗೆ 2 ಯೂನಿಟ್ ನುಂಗುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸಿಕ್ಕಿಸಬೇಡಿ.

ಡಿಸೆಂಬರ್ ರಜೆಗೆ ಊರಿಗೆ ಹೊರಡುವವರು ಬಿಲ್ ಉಳಿಸಲು ಹೀಟಿಂಗ್ ಪೂರ್ತಿ ಆರಿಸುತ್ತಾರೆ. 10–12 ಡಿಗ್ರಿಗೆ ಇಟ್ಟು ಹೋಗಿ. ಸ್ನೇಹಿತನೊಬ್ಬ ಮೂರು ವಾರ ಹಾಸನದಲ್ಲಿದ್ದು ವಾಪಸ್ ಬಂದಾಗ ಅವನ ಜೊತೆ ನಾನೂ ಬಾಗಿಲು ತೆರೆದೆ. ಅಟ್ಟದ ಪೈಪು ಹಿಮಕ್ಕೆ ಒಡೆದು, ಹಿಮ ಕರಗಿದ ಮೇಲೆ ಸುರಿದ ನೀರಿಗೆ ಬೆಡ್‌ರೂಮಿನ ಸೀಲಿಂಗ್ ಹಾಸಿಗೆಯ ಮೇಲೆ ಮಲಗಿತ್ತು. ಅವನ ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಚೀಲ ಹಾಗೇ ಇತ್ತು, ಇಡಲು ಒಣಗಿದ ಜಾಗ ಹುಡುಕುತ್ತಿದ್ದ.