ಉಪ್ಪುನೀರಿನ ಮೀನಿಗೆ ಬಿಳಿ ಚುಕ್ಕೆ ಬಂದಾಗ
ಉಪ್ಪುನೀರಿನ ಅಕ್ವೇರಿಯಂನಲ್ಲಿರುವ ಮೀನಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಡಿಬಿಡಿಯಾದ ಬಿಳಿ ಚುಕ್ಕೆಗಳು ಕಂಡರೆ ಅದು ಬಹುತೇಕ ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿಯ ಕಾಟ. ಚುಕ್ಕೆಗಳು ಹಿಟ್ಟಿನಷ್ಟು ನುಣ್ಣಗಿದ್ದು ಮೀನು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ಎಂಬ, ಬೇಗ ಕೊಲ್ಲುವ ಇನ್ನೊಂದು ಪರೋಪಜೀವಿಯ ರೋಗವಿರಬಹುದು, ಆಗ ಒಂದು ದಿನವೂ ಕಾಯಬಾರದು. ಔಷಧಕ್ಕೆ ಮುನ್ನ ನೀರಿನ ಅಮೋನಿಯಾ ಪರೀಕ್ಷಿಸಿ, ಏಕೆಂದರೆ ಕೆಟ್ಟ ನೀರಿನಲ್ಲಿಯೂ ಮೀನು ಹೀಗೆಯೇ ಏದುಸಿರು ಬಿಡುತ್ತದೆ.

ಕೆಲವು ದಿನಗಳಲ್ಲಿ ಚುಕ್ಕೆಗಳು ಮಾಯವಾದರೆ ಗುಣವಾಯಿತೆಂದು ಹಿಗ್ಗಬೇಡಿ (ನಾನೂ ಹಾಗೆ ಮೋಸಹೋಗಿದ್ದೇನೆ). ಪರೋಪಜೀವಿಯು ಮೀನನ್ನು ಬಿಟ್ಟು ಮರಳಿನಲ್ಲಿ ಕೋಶ ಕಟ್ಟಿಕೊಂಡು, ಅಲ್ಲಿ ಹಲವು ಪಾಲು ಹೆಚ್ಚಿ ಮತ್ತೆ ಮೀನನ್ನು ಹುಡುಕಿ ಬರುತ್ತದೆ. ತಾಮ್ರದ ಔಷಧವನ್ನು ಮರಳು, ಕಲ್ಲುಗಳಿಲ್ಲದ ಪ್ರತ್ಯೇಕ ತೊಟ್ಟಿಯಲ್ಲಿಯೇ, ನೀರಿನಲ್ಲಿನ ತಾಮ್ರದ ಪ್ರಮಾಣವನ್ನು ಪರೀಕ್ಷಾ ಕಿಟ್‌ನಿಂದ ಅಳೆಯುತ್ತಾ ಸುಮಾರು 30 ದಿನ ಕೊಡಬೇಕು. ಮುಖ್ಯ ತೊಟ್ಟಿಗೆ ಹಾಕಿದರೆ ಹವಳ, ಸಿಗಡಿಗಳು ಸಾಯುತ್ತವೆ. ಮೀನು ಸಿಗದೆ ಪರೋಪಜೀವಿ ಸಾಯಲೆಂದು ಮುಖ್ಯ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಡುವುದು ವಾಡಿಕೆ.